ನಿಲ್ಲಿಸಿಟ್ಟ ಹಳೆ ಬೈಕಿನ ಬ್ಯಾಟರಿ: ಚಾರ್ಜರ್ ಹಾಕಿಯೇ ಬಿಡಬಹುದಾ?

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಒಂದು ಸಿಂಗಲ್ ಸಿಲಿಂಡರ್ ಬೈಕ್ ಇದೆ. ವರ್ಷದಲ್ಲಿ ನಾಲ್ಕೈದು ತಿಂಗಳು ಶೆಡ್ಡಿನಲ್ಲಿ ನಿಂತೇ ಇರುತ್ತದೆ. ಮೂರು ವರ್ಷದಲ್ಲಿ ಎರಡು ಬ್ಯಾಟರಿ ಹೋದವು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತೇನೆ, ಆದರೂ ಹೀಗೆ. ಕಾರಿಗೆಂದು ತಂದ ಹಳೆ ಚಾರ್ಜರ್ ಒಂದಿದೆ. ಅದನ್ನೇ ಬೈಕಿಗೆ ಸಿಕ್ಕಿಸಿ ತಿಂಗಳುಗಟ್ಟಲೆ ಬಿಡಬಹುದಾ? ಬ್ಯಾಟರಿ ಬಿಚ್ಚಿಡಬೇಕಾ, ಬೈಕಿನಲ್ಲೇ ಇರಬಹುದಾ? ಎರಡನೇ ಬ್ಯಾಟರಿ ಇನ್ನೂ ಮೂಲೆಯಲ್ಲಿದೆ. ಅದಕ್ಕೆ ಮತ್ತೆ ಜೀವ ಬರುತ್ತದಾ?

ಉತ್ತರ: ಮೊದಲು ಚಾರ್ಜರ್ ವಿಷಯ. ಬೇಡ. ದಯವಿಟ್ಟು ಅದನ್ನು ಹಾಕಿ ಬಿಟ್ಟು ಹೋಗಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಆ ತಪ್ಪನ್ನು ನಾನೇ ಮಾಡಿದ್ದೇನೆ. ಬ್ಯಾಟರಿ ಬಿಚ್ಚಿಡಿ, ಅದೇ ಒಳ್ಳೆಯದು. ಇನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವ ಅಭ್ಯಾಸ ಇದೆಯಲ್ಲ, ನಿಮ್ಮ ಬ್ಯಾಟರಿಗಳನ್ನು ಕೊಂದಿದ್ದರಲ್ಲಿ ಅದರ ಪಾಲು ಜಾಸ್ತಿ ಅಂತ ನನ್ನ ಅನುಮಾನ.

ಎಷ್ಟೋ ಜನ ಬ್ಯಾಟರಿ ಹಾಳಾಗುವುದು ಬಳಸಿದ್ದರಿಂದ ಅಂದುಕೊಳ್ಳುತ್ತಾರೆ. ಹಳೆ ಬೈಕುಗಳ ಮಟ್ಟಿಗೆ ಇದು ಉಲ್ಟಾ. ಅವುಗಳ ಬ್ಯಾಟರಿ ಹಾಳಾಗುವುದು ಅರೆಹೊಟ್ಟೆಯಲ್ಲಿ ಸುಮ್ನೆ ಕೂತಿದ್ದರಿಂದ. ಒಳಗೆ ಏನಾಗುತ್ತದೆ ನೋಡಿ. ಲೆಡ್-ಆಸಿಡ್ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ. ಅವತ್ತಿನಿಂದ ಇವತ್ತಿನವರೆಗೆ ಒಳಗಿನ ರಸಾಯನ ಅದೇ. ಸೀಸದ ಪ್ಲೇಟುಗಳು, ನಡುವೆ ಗಂಧಕಾಮ್ಲ. ಕರೆಂಟ್ ಕೊಡುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮತ್ತೆ ಆಸಿಡ್ಡಿಗೆ ಹೋಗುತ್ತದೆ. ಹೊಸದಾಗಿ ಕೂತ ಸಲ್ಫೇಟ್ ನುಣ್ಣನೆ ಪುಡಿಯ ಹಾಗಿರುತ್ತದೆ, ಬೇಗ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ದಪ್ಪ ಹರಳು ಕಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಬಿಡುವುದಿಲ್ಲ. ಪ್ಲೇಟಿನ ಅಷ್ಟು ಜಾಗ ಸತ್ತ ಹಾಗೆ. ಚಾರ್ಜರ್ ಹಾಕಿದ ಕೂಡಲೇ ಫುಲ್ ಅಂತ ತೋರಿಸಿ, ಹೆಡ್‌ಲೈಟ್ ಹಾಕಿದ ಕೂಡಲೇ ಮಲಗುವ ಬ್ಯಾಟರಿ ನೋಡಿದ್ದೀರಲ್ವಾ? ಅದು ಇದೇ ಕಾಯಿಲೆ.

ಹಾಗಾಗಿ ನಿಮ್ಮ ಕೆಲಸ ಬ್ಯಾಟರಿಗೆ ಸದಾ ಚಾರ್ಜ್ ತುಂಬುತ್ತಾ ಇರುವುದಲ್ಲ. ಅದು ಕೆಳಗೆ ಇಳಿದು ಅಲ್ಲೇ ಕೂರದ ಹಾಗೆ ನೋಡಿಕೊಳ್ಳುವುದು.

ಈಗ ಆ ಹತ್ತು ನಿಮಿಷದ ಲೆಕ್ಕ ಹಾಕೋಣ. ನಿಮ್ಮ ಬೈಕಿನ ಹೆಡ್‌ಲೈಟಿನ ಮೇಲೆ ಒಂದು ಪುಟ್ಟ ಆಮೀಟರ್ ಇರಬೇಕು, ಬ್ಯಾಟರಿಗೆ ಕರೆಂಟ್ ಬರುತ್ತಿದೆಯಾ ಹೋಗುತ್ತಿದೆಯಾ ಅಂತ ತೋರಿಸುವ ಮೀಟರ್. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು ಅದರ ಮುಳ್ಳು ನೋಡಿ. ಡೈನಮೊ ಇರುವ ಬೈಕಾದರೆ ಮುಳ್ಳು ನಡುವಿನಿಂದ ಎಡಕ್ಕೆ, ಮೈನಸ್ ಕಡೆಗೆ, ತುಸು ವಾಲಿ ನಡುಗುತ್ತಾ ನಿಂತಿರುತ್ತದೆ. ಐಡ್ಲಿಂಗ್ ವೇಗದಲ್ಲಿ ಡೈನಮೊ ಬ್ಯಾಟರಿಗಿಂತ ಹೆಚ್ಚು ವೋಲ್ಟೇಜ್ ಹುಟ್ಟಿಸುವುದಿಲ್ಲ, ಅದಕ್ಕೇ ಕಟ್-ಔಟ್, ಅಂದರೆ ಡೈನಮೊವನ್ನು ಬ್ಯಾಟರಿಗೆ ಸೇರಿಸುವ ಸ್ವಿಚ್ಚು, ಇನ್ನೂ ಕೂಡಿರುವುದಿಲ್ಲ. ಆದರೆ ಕಾಯಿಲ್ ಇಗ್ನಿಷನ್ (ಬ್ಯಾಟರಿಯ ಕರೆಂಟಿನಿಂದ ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆ) ಇದ್ದರೆ ಕಾಯಿಲ್ ಮಾತ್ರ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುತ್ತದೆ. ಸರಾಸರಿ 2 ಆಂಪಿಯರ್ ಅಂತಿಟ್ಟುಕೊಂಡರೂ ಹತ್ತು ನಿಮಿಷಕ್ಕೆ ಸುಮಾರು 0.33 ಆಂಪಿಯರ್-ಅವರ್ (ಒಂದು ಆಂಪಿಯರನ್ನು ಒಂದು ಗಂಟೆ ಎಳೆದರೆ ಒಂದು) ಹೋಯಿತು. ತಿಂಗಳಿಗೆ ನಾಲ್ಕು ಸಲ ಅಂದರೆ ಹತ್ತಿರ ಹತ್ತಿರ 1.3. ಬೈಕಿನ ಬ್ಯಾಟರಿಯೇ 6ರಿಂದ 12 ಆಂಪಿಯರ್-ಅವರ್. ನೀವು ಊಟ ಹಾಕುತ್ತಿದ್ದೇನೆ ಅಂದುಕೊಂಡಿದ್ದೀರಿ, ತಟ್ಟೆಯಿಂದ ತೆಗೆಯುತ್ತಿದ್ದೀರಿ. ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇದ್ದರೆ ಇಷ್ಟು ನಷ್ಟ ಇಲ್ಲ, ಆದರೆ ಲಾಭವೂ ಇಲ್ಲ.

ಇನ್ನೊಂದು ಪೆಟ್ಟು ಎಂಜಿನ್ನಿಗೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ನಿಂತಲ್ಲೇ ಹತ್ತು ನಿಮಿಷ ಬಿಟ್ಟರೆ ಸೈಲೆನ್ಸರಿನ ಒಳಗೂ ಕ್ರ್ಯಾಂಕ್‌ಕೇಸಿನ ಒಳಗೂ ತಣ್ಣಗಾಗಿ ನೀರಾಗಿ ಕೂರುತ್ತದೆ. ಆಯಿಲ್ ಕ್ಯಾಪಿನ ಕೆಳಗೆ ಬಿಳಿ ಬೆಣ್ಣೆಯ ಹಾಗೆ ಅಂಟಿರುವುದನ್ನು ಕಂಡಿದ್ದರೆ, ಅದು ಇದರದ್ದೇ. ಒಂದೋ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಚೆನ್ನಾಗಿ ಓಡಿಸಿಕೊಂಡು ಬನ್ನಿ, ಇಲ್ಲವೇ ಮುಟ್ಟಬೇಡಿ.

ಸರಿ, ಬ್ಯಾಟರಿ ಬಿಚ್ಚುವುದಕ್ಕೆ ಬರೋಣ. ಇಲ್ಲಿ ಹಳೆ ಬೈಕುಗಳಲ್ಲಿ ಎಡವಿ ಬೀಳುವ ಒಂದು ಜಾಗ ಇದೆ. ಆ ಕಾಲದ ಎಷ್ಟೋ ಬ್ರಿಟಿಷ್ ಬೈಕುಗಳಲ್ಲಿ ಬೈಕಿನ ಬಾಡಿಗೆ, ಅಂದರೆ ಫ್ರೇಮಿಗೆ, ಕೂಡಿಸಿ ಅರ್ಥ್ ಮಾಡಿರುವುದು ಮೈನಸ್ ಅಲ್ಲ, ಪ್ಲಸ್. ಈಗಿನವರ ಕಣ್ಣು ಕಪ್ಪು ತಂತಿ ಅಂದರೆ ಬಾಡಿ ಅಂತಲೇ ಓದುತ್ತದೆ. ಅದಕ್ಕೇ ತಂತಿಯ ಬಣ್ಣ ನಂಬಬೇಡಿ. ಬ್ಯಾಟರಿಯ ಮೇಲಿನ ಪ್ಲಸ್ ಮೈನಸ್ ಗುರುತು ನೋಡಿ, ಯಾವ ತಂತಿ ಫ್ರೇಮಿನ ಬೋಲ್ಟಿಗೆ ಹೋಗಿದೆ ಅಂತ ಬೆರಳಲ್ಲಿ ಹಿಡಿದು ಕೊನೆಯವರೆಗೆ ಹೋಗಿ. ಒಂದು ಚೀಟಿಯಲ್ಲಿ ಬರೆದು ಬ್ಯಾಟರಿ ಪೆಟ್ಟಿಗೆಯ ಒಳಗೆ ಅಂಟಿಸಿಡಿ. ಮೊಬೈಲಿನಲ್ಲಿ ಫೋಟೋನೂ ಇರಲಿ.

ಬಿಚ್ಚುವಾಗ ಯಾವಾಗಲೂ ಅರ್ಥ್ ತಂತಿ ಮೊದಲು. ಮೈನಸ್ ಮೊದಲು ಅನ್ನುವ ನಿಯಮ ಈಗಿನ ಗಾಡಿಗಳಿಗೆ ಸರಿ. ಪ್ಲಸ್ ಅರ್ಥ್ ಇದ್ದರೆ ಪ್ಲಸ್ಸೇ ಮೊದಲು. ಕಾರಣ ಸರಳ. ಅರ್ಥ್ ಇನ್ನೂ ಕೂಡಿರುವಾಗ ಇನ್ನೊಂದು ಟರ್ಮಿನಲ್ಲಿಗೆ ಸ್ಪ್ಯಾನರ್ ಹಾಕಿದಿರಿ ಅನ್ನಿ. ಸ್ಪ್ಯಾನರಿನ ಹಿಂಭಾಗ ಫ್ರೇಮಿಗೆ ತಾಗಿದರೆ ಬ್ಯಾಟರಿ ನೇರ ಶಾರ್ಟ್. ಕಿಡಿ ಹಾರುತ್ತದೆ, ಟರ್ಮಿನಲ್ ಕರಗುತ್ತದೆ, ಕೈ ಸುಡುತ್ತದೆ. ಅರ್ಥ್ ಮೊದಲೇ ಬಿಚ್ಚಿದ್ದರೆ ಸ್ಪ್ಯಾನರ್ ಎಲ್ಲಿ ತಾಗಿದರೂ ಚಿಂತೆ ಇಲ್ಲ. ಮತ್ತೆ ಹಾಕುವಾಗ ಅರ್ಥ್ ಕೊನೆಗೆ.

ಬ್ಯಾಟರಿ ಹೊರಗೆ ಬಂದ ಮೇಲೆ ಅದರ ತಲೆ ಒರೆಸಿ. ಆಸಿಡ್ ಪಸೆ ಮತ್ತು ಧೂಳು ಸೇರಿದ ಜಿಗುಟು ಎರಡು ಟರ್ಮಿನಲ್ಲುಗಳ ನಡುವೆ ಕರೆಂಟ್ ಹರಿಸುತ್ತದೆ. ನಿಮಗೆ ಕಾಣುವುದಿಲ್ಲ ಅಷ್ಟೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ಬ್ಯಾಟರಿಯ ಒದ್ದೆ ಮುಚ್ಚಳದ ಮೇಲೂ ಇಟ್ಟು ನೋಡಿ, ವೋಲ್ಟೇಜ್ ತೋರಿಸಿದರೆ ಸೋರಿಕೆ ಇದೆ ಅಂತ. ಅಡುಗೆ ಸೋಡಾ ಕಲಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ. ನೊರೆ ಬಂದರೆ ಆಸಿಡ್ ಇತ್ತು ಅಂತ ಅರ್ಥ. ಆ ನೀರು ಒಂದು ಹನಿಯೂ ಸೆಲ್ಲಿನ ಒಳಗೆ ಹೋಗಬಾರದು, ಮುಚ್ಚಳಗಳು ಗಟ್ಟಿಯಾಗಿ ಮುಚ್ಚಿರಲಿ. ಆಮೇಲೆ ಒಣಗಿಸಿ, ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ.

ಎಲ್ಲಿಡಬೇಕು? ತಂಪಾದ, ಒಣ ಜಾಗ. ಬ್ಯಾಟರಿ ತನ್ನಷ್ಟಕ್ಕೆ ತಾನೇ ಖಾಲಿಯಾಗುವ ವೇಗ, ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಎರಡರಷ್ಟಾಗುತ್ತದೆ. ತಗಡಿನ ಶೆಡ್ಡಿಗಿಂತ ಮನೆಯ ಒಳಗಿನ ತಣ್ಣನೆ ಮೂಲೆ ವಾಸಿ. ತೀರಾ ಚಳಿ ಬೀಳುವ ಕಡೆ ಖಾಲಿ ಬ್ಯಾಟರಿಯ ಆಸಿಡ್ ಬರೀ ನೀರಿನಂತಾಗಿರುವುದರಿಂದ ಹೆಪ್ಪುಗಟ್ಟಿ ಡಬ್ಬ ಒಡೆಯುತ್ತದೆ. ಫುಲ್ ಚಾರ್ಜ್ ಇದ್ದದ್ದಕ್ಕೆ ಆ ಭಯ ಇಲ್ಲ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಹಿಂದೆ ಮರದ ಪೆಟ್ಟಿಗೆ, ಗಟ್ಟಿ ರಬ್ಬರಿನ ಡಬ್ಬ ಇದ್ದ ಕಾಲದ ಮಾತು ಅದು. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ನೆಲ ಯಾವುದಾದರೂ ಒಂದೇ.

ಇನ್ನು ವೋಲ್ಟೇಜ್. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ನಿಮ್ಮದು 6 ವೋಲ್ಟಾ 12 ವೋಲ್ಟಾ ಅಂತ ನೀವು ಬರೆದಿಲ್ಲ. ಆ ಕಾಲದ ಬೈಕ್ 6 ವೋಲ್ಟಿನದ್ದಾಗಿರುವ ಸಾಧ್ಯತೆ ಜಾಸ್ತಿ, ಆದರೆ ಎಷ್ಟೋ ಜನ ಆಮೇಲೆ 12ಕ್ಕೆ ಬದಲಿಸಿಕೊಂಡಿದ್ದಾರೆ. ಮುಚ್ಚಳ ಎಣಿಸಿ: ಮೂರಿದ್ದರೆ 6 ವೋಲ್ಟ್, ಆರಿದ್ದರೆ 12. ಪ್ರತಿ ಸೆಲ್ಲಿಗೆ ಸುಮಾರು 2 ವೋಲ್ಟ್.

ಚಾರ್ಜ್ ಮಾಡಿ ತೆಗೆದ ಕೂಡಲೇ ಅಳೆಯಬೇಡಿ. ಆಗ ಸಿಗುವುದು ಮೇಲ್ಮೈಯ ಸುಳ್ಳು ವೋಲ್ಟೇಜ್. ಒಂದು ರಾತ್ರಿ ಬಿಟ್ಟು ಅಳೆಯಿರಿ. ನೀರು ಹಾಕುವ ಬಗೆಯ 12 ವೋಲ್ಟ್ ಬ್ಯಾಟರಿ 12.6ರಿಂದ 12.7 ತೋರಿಸಿದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ ಅಷ್ಟೆ. 6 ವೋಲ್ಟಿನದ್ದಕ್ಕೆ ಇವೆಲ್ಲದರ ಅರ್ಧ: 6.3ರ ಮೇಲೆ ಫುಲ್, 6.2 ಮುಕ್ಕಾಲು, 6.1 ಅರ್ಧ. ಇಷ್ಟು ಸಣ್ಣ ಅಂತರದಲ್ಲಿ ಇಡೀ ಕಥೆ ಇರುವುದರಿಂದ ಮೀಟರಿನ ಹಳೆ ಬ್ಯಾಟರಿ ಬದಲಿಸಿ ಅಳೆಯಿರಿ. ಮೀಟರಿನ ಬ್ಯಾಟರಿ ಸತ್ತು ತಪ್ಪು ಲೆಕ್ಕ ಕೊಟ್ಟಿದ್ದಕ್ಕೆ ಒಳ್ಳೆಯ ಬೈಕ್ ಬ್ಯಾಟರಿ ಎಸೆದವರನ್ನು ನೋಡಿದ್ದೇನೆ!

ತಿಂಗಳಿಗೊಮ್ಮೆ ಅಳೆದರೆ ಸಾಕು. 12.4 ಅಥವಾ 6.2ಕ್ಕೆ ಬಂತು ಅಂದರೆ ಚಾರ್ಜಿಗೆ ಹಾಕಿ. ಅದಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಸೀಲ್ ಮಾಡಿದ ಎ.ಜಿ.ಎಂ. ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಟ್ಟದ್ದು) ಹಾಕಿಸಿದ್ದರೆ ತುಂಬಿದಾಗ 12.8 ಅಥವಾ ಅದಕ್ಕೂ ಮೇಲೆ ಇರುತ್ತದೆ. ಅದು ತಾನೇ ಇಳಿಯುವುದೂ ನಿಧಾನ. ಹಳೆ ಮಾದರಿಯ ನೀರಿನ ಬ್ಯಾಟರಿಯ ಸೀಸದಲ್ಲಿ ಗಟ್ಟಿತನಕ್ಕೆಂದು ಆಂಟಿಮನಿ ಬೆರೆಸಿರುತ್ತಾರೆ, ಅದೇ ಒಳಗೊಳಗೆ ಚಾರ್ಜ್ ತಿನ್ನುವ ಹುಳ.

ಈಗ ನಿಮ್ಮ ಕಾರಿನ ಚಾರ್ಜರ್. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಅಂಥದ್ದೇ ಒಂದು ನನ್ನ ಹತ್ತಿರ ಇತ್ತು. ತಗಡಿನ ಡಬ್ಬ, ಒಳಗೊಂದು ಟ್ರಾನ್ಸ್‌ಫಾರ್ಮರ್, ಎ.ಸಿ. ಕರೆಂಟನ್ನು ಡಿ.ಸಿ. ಮಾಡುವ ಒಂದು ರೆಕ್ಟಿಫೈಯರ್, ಮೇಲೊಂದು ಮುಳ್ಳಿನ ಮೀಟರ್. ಒಂದು ಶನಿವಾರ ಬೈಕಿನ ಬ್ಯಾಟರಿಯನ್ನು ಬಿಚ್ಚದೆ, ಅದರ ಜಾಗದಲ್ಲೇ ಇಟ್ಟು ಸಿಕ್ಕಿಸಿದೆ. ರಾತ್ರಿ ತೆಗೆಯಬೇಕು ಅಂದುಕೊಂಡೆ, ಮರೆತೆ. ನಾಲ್ಕನೇ ದಿನ ಶೆಡ್ಡಿನ ಬಾಗಿಲು ತೆಗೆದರೆ ಮೂಗಿಗೆ ಹೊಡೆಯುವ ವಾಸನೆ. ಬ್ಯಾಟರಿಯ ಎರಡು ಪಕ್ಕ ಉಬ್ಬಿಕೊಂಡು ಪೆಟ್ಟಿಗೆಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು. ನೀರು ಪ್ಲೇಟಿನಿಂದ ಕೆಳಗೆ ಇಳಿದಿತ್ತು. ಬ್ಯಾಟರಿ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಆಸಿಡ್ಡಿನ ಆವಿ ಪಕ್ಕದ ಆಯಿಲ್ ಟ್ಯಾಂಕಿನ ಬಣ್ಣವನ್ನು ಹಪ್ಪಳದಂತೆ ಎಬ್ಬಿಸಿತ್ತು, ಚೈನಿನ ಮೇಲೆ ಕೆಂಪು ತುಕ್ಕು ಕೂರಿಸಿತ್ತು. ಆ ಬಣ್ಣ ಕಾರ್ಖಾನೆಯಲ್ಲಿ ಹೊಡೆದ ಮೂಲ ಬಣ್ಣ. ಅದು ಮತ್ತೆ ಬರಲಿಲ್ಲ.

ಅಂಥ ಚಾರ್ಜರಿಗೆ ನಿಲ್ಲಿಸುವುದು ಗೊತ್ತಿಲ್ಲ, ಅಷ್ಟೇ ಅದರ ದೋಷ. ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ. ಆ ಕರೆಂಟ್ ನೀರನ್ನು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಮಾಡುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಅದಕ್ಕೇ ಮೊದಲು ಕ್ಲಿಪ್ ಹಾಕಿ ಆಮೇಲೆ ಸ್ವಿಚ್ ಹಾಕಬೇಕು. ತೆಗೆಯುವಾಗ ಮೊದಲು ಸ್ವಿಚ್ ಆಫ್, ಆಮೇಲೆ ಕ್ಲಿಪ್. ಕಿಟಕಿ ತೆರೆದಿರಲಿ. ಪೆಟ್ರೋಲ್ ತುಂಬಿದ ಬೈಕಿನ ಪಕ್ಕ ಕೂತು ಬೀಡಿ ಸಿಗರೇಟು ಅಂತೂ ಬೇಡವೇ ಬೇಡ.

ಕಾರಿನ ಚಾರ್ಜರಿನಲ್ಲಿ ಇನ್ನೂ ಎರಡು ತೊಂದರೆ. ನಿಮ್ಮದು 6 ವೋಲ್ಟಿನ ಬ್ಯಾಟರಿಯಾಗಿ ಚಾರ್ಜರ್ 12ರದ್ದು ಮಾತ್ರ ಆಗಿದ್ದರೆ ಹತ್ತಿರವೂ ತರಬೇಡಿ. ಇನ್ನೊಂದು, ಕಾರಿನ ಚಾರ್ಜರ್ 4, 5 ಆಂಪಿಯರ್ ಕೊಡುತ್ತದೆ. ಬೈಕಿನ ಪುಟ್ಟ ಬ್ಯಾಟರಿಗೆ ಅದರ ಆಂಪಿಯರ್-ಅವರಿನ ಹತ್ತನೇ ಒಂದು ಭಾಗ ಸಾಕು. 9 ಆಂಪಿಯರ್-ಅವರಿನ ಬ್ಯಾಟರಿಗೆ 0.9 ಆಂಪಿಯರ್. ಅರ್ಧ ಖಾಲಿಯಾಗಿದ್ದರೆ ಆರು ಗಂಟೆ ಹಿಡಿಯುತ್ತದೆ. ಅವಸರ ಯಾಕೆ, ಬೈಕ್ ಹೇಗೂ ನಿಂತಿದೆ.

ಹಳೆ ಮೆಕ್ಯಾನಿಕ್‌ಗಳು ಒಂದು ಉಪಾಯ ಮಾಡುತ್ತಿದ್ದರು. ಚಾರ್ಜರಿನ ಒಂದು ತಂತಿಯ ನಡುವೆ ಬ್ರೇಕ್‌ಲೈಟಿನ 12 ವೋಲ್ಟ್ 21 ವಾಟ್ ಬಲ್ಬನ್ನು ಸೀರೀಸಿನಲ್ಲಿ ಸೇರಿಸುವುದು. ಬಲ್ಬು ಕರೆಂಟನ್ನು ತಡೆದು ಹಿಡಿಯುತ್ತದೆ. ಬ್ಯಾಟರಿ ಖಾಲಿ ಇದ್ದಾಗ ಮಂದವಾಗಿ ಉರಿಯುತ್ತದೆ, ತುಂಬುತ್ತಾ ಬಂದ ಹಾಗೆ ಬಲ್ಬಿನೊಳಗಿನ ಎಳೆ ಬರೀ ಕೆಂಪಗಾಗಿ ಕಡೆಗೆ ಆರುತ್ತದೆ. ಝಗ್ ಅಂತ ಪೂರ್ತಿ ಉರಿದರೆ ಬ್ಯಾಟರಿಯೊಳಗೆ ಶಾರ್ಟ್ ಇರಬಹುದು, ಇಲ್ಲವೇ ಕ್ಲಿಪ್ ಉಲ್ಟಾ ಆಗಿದೆ. ನನಗೆ ಈಗಲೂ ಆ ಬಲ್ಬಿನ ಮೇಲೆ ಪ್ರೀತಿ. ನೀವು 12 ವೋಲ್ಟಿನವರಾಗಿದ್ದು, ಪಕ್ಕದಲ್ಲೇ ಕೂತು, ಗಡಿಯಾರ ನೋಡಿಕೊಂಡು ತಿಂಗಳಿಗೊಮ್ಮೆ ಚಾರ್ಜ್ ಮಾಡುವುದಾದರೆ ಹೀಗೆ ಆ ಹಳೆ ಚಾರ್ಜರ್ ಬಳಸಿ. ಆದರೆ ಬಲ್ಬಿಗೂ ಪೂರ್ತಿ ನಿಲ್ಲಿಸುವುದು ಗೊತ್ತಿಲ್ಲ. ಬಿಟ್ಟು ಹೋಗುವುದಕ್ಕೆ ಅದು ಪರವಾನಗಿ ಅಲ್ಲ.

ಬಿಟ್ಟು ಹೋಗಬೇಕು ಅಂತಿದ್ದರೆ ಸ್ಮಾರ್ಟ್ ಚಾರ್ಜರ್ ತೆಗೆದುಕೊಳ್ಳಿ. ಬೈಕಿಗೆಂದೇ ಬರುವ, 1 ಆಂಪಿಯರ್ ಆಸುಪಾಸಿನದು. ಅದು 12 ವೋಲ್ಟಿನ ಬ್ಯಾಟರಿಯನ್ನು ಸುಮಾರು 14.4ರವರೆಗೆ ಏರಿಸಿ, ತುಂಬಿದ ಮೇಲೆ 13.2ರಿಂದ 13.6ಕ್ಕೆ ಇಳಿದು ಅಲ್ಲೇ ಕಾಯುತ್ತದೆ. ಈ ಇಳಿದು ಕಾಯುವುದಕ್ಕೆ ಫ್ಲೋಟ್ ಅನ್ನುತ್ತಾರೆ. ಬ್ಯಾಟರಿ ತಾನಾಗಿ ಕಳೆದುಕೊಂಡಷ್ಟನ್ನು ಮಾತ್ರ ತುಂಬುತ್ತದೆ. ಡಬ್ಬದ ಮೇಲೆ ಬರೀ ಟ್ರಿಕಲ್ ಚಾರ್ಜರ್ ಅಂತ ಇದ್ದರೆ ಮೋಸ ಹೋಗಬೇಡಿ, ಅವುಗಳಲ್ಲಿ ಎಷ್ಟೋ ಸಣ್ಣ ಕರೆಂಟನ್ನು ನಿಲ್ಲಿಸದೆ ತಳ್ಳುವಂಥವು. ಫ್ಲೋಟ್ ಅಥವಾ ಮೇಂಟೇನ್ ಅಂತ ಸ್ಪಷ್ಟವಾಗಿ ಬರೆದಿರಬೇಕು. 6 ವೋಲ್ಟಿಗೆ ಬೇರೆ ಬಟನ್ ಇರುವುದನ್ನೇ ಆರಿಸಿ. ತಾನೇ ಗುರುತಿಸುತ್ತೇನೆ ಅನ್ನುವ ಕೆಲವು ಚಾರ್ಜರುಗಳು ತೀರಾ ಖಾಲಿಯಾದ 12ರ ಬ್ಯಾಟರಿಯನ್ನು 6 ಅಂತ ತಪ್ಪು ತಿಳಿಯುವುದುಂಟು.

ಸ್ಮಾರ್ಟ್ ಚಾರ್ಜರ್ ಹಾಕಿದೆ ಅಂತ ತಲೆ ಹಾಕದೇ ಇರಬೇಡಿ. ನೀರಿನ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಮಟ್ಟ ನೋಡಿ. ಡಬ್ಬದ ಮೇಲೆ ಎರಡು ಗೆರೆ ಇರುತ್ತದೆ, ನೀರು ಅವೆರಡರ ನಡುವೆ ಇರಬೇಕು. ಕಮ್ಮಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ ಹಾಕಬಾರದು, ಯಾಕೆಂದರೆ ಆವಿಯಾಗಿ ಹೋದದ್ದು ನೀರು, ಆಸಿಡ್ ಒಳಗೇ ಇದೆ. ನಲ್ಲಿ ನೀರೂ ಬೇಡ, ಅದರ ಉಪ್ಪಿನಂಶ ಪ್ಲೇಟಿಗೆ ವಿಷ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಮೇಲಿನ ಗೆರೆವರೆಗೆ ತುಂಬಿಸುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಹೊರಗೆ ಬರುತ್ತದೆ.

ಲಿಥಿಯಂ ಬ್ಯಾಟರಿ ಹಾಕಿಕೊಳ್ಳಲಾ ಅಂತ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಇರುತ್ತದೆ. ನನ್ನ ಮಾತು ಕೇಳಿದರೆ ಬೇಡ. ಹಗುರ ನಿಜ, ನಿಂತಲ್ಲಿ ಇಳಿಯುವುದೂ ಕಮ್ಮಿ. ಆದರೆ ಅದಕ್ಕೆ ವೋಲ್ಟೇಜ್ ಬಿಗಿಯಾಗಿ ಹಿಡಿದಿಡುವ ರೆಗ್ಯುಲೇಟರ್ ಬೇಕು. ನಿಮ್ಮದು ಡೈನಮೊ ಬೈಕಾದರೆ ಅದರಲ್ಲಿರುವುದು ಸ್ಪ್ರಿಂಗ್ ಮತ್ತು ಕಾಂಟ್ಯಾಕ್ಟ್ ಪಾಯಿಂಟುಗಳ ರೆಗ್ಯುಲೇಟರ್, ಅದರ ಅಂದಾಜು ಸೀಸಕ್ಕೆ ಸರಿ. ಲಿಥಿಯಂಗೆ ಅದರದೇ ಚಾರ್ಜರ್ ಬೇಕು ಅನ್ನುವುದು ಬೇರೆ ಖರ್ಚು.

ಇಷ್ಟೆಲ್ಲ ಮಾಡದೆ ಬ್ಯಾಟರಿ ಬೈಕಿನಲ್ಲೇ ಇರಲಿ ಅನ್ನುವುದಾದರೆ ಕಡೇಪಕ್ಷ ಅರ್ಥ್ ತಂತಿ ಬಿಚ್ಚಿಡಿ. ಯಾಕೆಂದರೆ ಬೈಕ್ ನಿಂತಾಗಲೂ ಕರೆಂಟ್ ಕದಿಯುತ್ತಿರಬಹುದು. ನಿಮ್ಮ ಬೈಕಿನಲ್ಲಿ ಗಡಿಯಾರ ಇಲ್ಲ, ಕಂಪ್ಯೂಟರ್ ಇಲ್ಲ. ಕೀ ಆಫ್ ಆದರೆ ಸೊನ್ನೆ ಇರಬೇಕು. ಇದೆಯಾ ಅಂತ ಒಮ್ಮೆ ಅಳೆದು ನೋಡಿ. ಎರಡು ಬ್ಯಾಟರಿ ಹೋಗಿವೆ ಅಂದಿರಲ್ಲ, ಇಲ್ಲೇ ಕಳ್ಳ ಸಿಗಬಹುದು. ಅರ್ಥ್ ತಂತಿ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರಿಗೆ ಇಟ್ಟು, ತಂತಿಗೂ ಬ್ಯಾಟರಿಯ ಟರ್ಮಿನಲ್ಲಿಗೂ ನಡುವೆ ಸೇರಿಸಿ. ಏನೂ ತೋರಿಸದಿದ್ದರೆ ಮಿಲಿ ಆಂಪಿಯರಿಗೆ ಇಳಿಸಿ. ಆ ಸ್ಥಿತಿಯಲ್ಲಿ ಕೀ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

20 ಮಿಲಿ ಆಂಪಿಯರ್ ತೋರಿಸಿತು ಅನ್ನಿ. ನೋಡಲು ಏನೂ ಅಲ್ಲ. ದಿನಕ್ಕೆ 0.48 ಆಂಪಿಯರ್-ಅವರ್. 9ರ ಬ್ಯಾಟರಿ ಹತ್ತು ದಿನದೊಳಗೆ ಅರ್ಧ, ಮೂರು ವಾರದೊಳಗೆ ಪೂರ್ತಿ ಖಾಲಿ. ಎಲ್ಲಿಂದ ಬರುತ್ತದೆ ಇದು? ಡೈನಮೊ ಬೈಕಿನಲ್ಲಿ ಮೊದಲ ಅನುಮಾನ ಕಟ್-ಔಟ್ ಮೇಲೆ. ಅದರ ಪಾಯಿಂಟುಗಳು ಅಂಟಿಕೊಂಡರೆ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಡೈನಮೊಗೆ ಹರಿಯುತ್ತದೆ. ಆಗ ಮಿಲಿ ಅಲ್ಲ, ಆಂಪಿಯರಿನ ಲೆಕ್ಕದಲ್ಲೇ ಹೋಗುತ್ತದೆ, ಆಮೀಟರಿನ ಮುಳ್ಳೇ ಹೇಳುತ್ತದೆ. ಡೈನಮೊ ಬದಲು ಎ.ಸಿ. ಹುಟ್ಟಿಸುವ ಆಲ್ಟರ್ನೇಟರ್ ಇದ್ದು ಹಳೆ ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ ಅದು ವಯಸ್ಸಾದಂತೆ ಹಿಂದಕ್ಕೆ ಸೋರಲು ಶುರು ಮಾಡುತ್ತದೆ. ತಗಡಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿದ ಹಾಗೆ ಕಾಣುವ ಭಾಗ ಅದು. ಅದರ ತಂತಿ ಬಿಚ್ಚಿದಾಗ ಮೀಟರ್ ಸೊನ್ನೆಗೆ ಬಂದರೆ ಕಳ್ಳ ಸಿಕ್ಕ. ಸಿಲಿಕಾನ್ ರೆಕ್ಟಿಫೈಯರ್ ಹಾಕಿಸಿ. ಉಳಿದಂತೆ ಸಿಪ್ಪೆ ಬಿರುಕು ಬಿಟ್ಟ ವೈರಿಂಗ್, ತೇವ ಹಿಡಿದ ಬ್ರೇಕ್‌ಲೈಟ್ ಸ್ವಿಚ್, ಆಮೇಲೆ ಯಾರೋ ಸೇರಿಸಿದ ಮೊಬೈಲ್ ಚಾರ್ಜಿಂಗ್ ಪಾಯಿಂಟ್. ಈ ಕೊನೆಯದನ್ನು ಮರೆಯಬೇಡಿ, ಮಾಲೀಕರು ಯಾವಾಗಲೂ ಅದೊಂದನ್ನು ಹೇಳುವುದಿಲ್ಲ!

ಅಂದ ಹಾಗೆ, ಬ್ಯಾಟರಿ ಬಿಚ್ಚಿಟ್ಟಿದ್ದೇನೆ, ಮ್ಯಾಗ್ನೆಟೊ ಇದೆ, ಹಾಗೇ ಒಂದು ಸುತ್ತು ಹೊಡೆದು ಬರುತ್ತೇನೆ ಅನ್ನಬೇಡಿ. ಕೆಲವು ಬೈಕುಗಳಲ್ಲಿ ಬ್ಯಾಟರಿಯೇ ವೋಲ್ಟೇಜನ್ನು ಅದುಮಿ ಹಿಡಿಯುವುದು. ಅದಿಲ್ಲದೆ ಓಡಿಸಿದರೆ ಬಲ್ಬುಗಳು ಒಂದೊಂದಾಗಿ ಸುಟ್ಟುಹೋಗುತ್ತವೆ.

ಮೂಲೆಯಲ್ಲಿರುವ ಬ್ಯಾಟರಿಗೆ ಬರೋಣ. ಮೊದಲು ಅಳೆಯಿರಿ. ಚಾರ್ಜ್ ಮಾಡಿದ ಮೇಲೂ 12ರದ್ದು 10.5, ಅಥವಾ 6ರದ್ದು 4.2ರ ಹತ್ತಿರವೇ ನಿಂತರೆ ಒಂದು ಸೆಲ್ ಪೂರ್ತಿ ಸತ್ತಿದೆ. ಉದುರಿದ ಪುಡಿ ತಳದಲ್ಲಿ ಸೇರಿ ಪ್ಲೇಟುಗಳನ್ನು ಶಾರ್ಟ್ ಮಾಡಿರುತ್ತದೆ. ಅದಕ್ಕೆ ಮದ್ದಿಲ್ಲ. ಹಾಗಿಲ್ಲದಿದ್ದರೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಕನ್ನಡಕ ಹಾಕಿಕೊಂಡು. ಪ್ಲೇಟಿನ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಹರಳು ಗಟ್ಟಿಯಾಗಿದೆ. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ತೀರಾ ಸಣ್ಣ ಕರೆಂಟಿನಲ್ಲಿ, ಅಂದರೆ ಅದರ ಆಂಪಿಯರ್-ಅವರಿನ ಇಪ್ಪತ್ತನೇ ಒಂದು ಭಾಗದಲ್ಲಿ, ಒಂದೆರಡು ದಿನ ಚಾರ್ಜ್ ಮಾಡಿ ನೋಡಬಹುದು. ನಡುನಡುವೆ ಮುಟ್ಟಿ ನೋಡಿ, ಡಬ್ಬ ಬಿಸಿಯಾದರೆ ನಿಲ್ಲಿಸಿ. ಸ್ಮಾರ್ಟ್ ಚಾರ್ಜರ್ ತೀರಾ ಖಾಲಿ ಬ್ಯಾಟರಿಯನ್ನು ಬ್ಯಾಟರಿ ಅಂತಲೇ ಒಪ್ಪಿಕೊಳ್ಳುವುದಿಲ್ಲ. ಅಲ್ಲಿ ನಿಮ್ಮ ಹಳೆ ಚಾರ್ಜರ್ ಮತ್ತು ಬಲ್ಬು ಕೆಲಸಕ್ಕೆ ಬರುತ್ತವೆ, ವೋಲ್ಟೇಜ್ ಹೊಂದಿದರೆ, ನೀವು ಮನೆಯಲ್ಲಿದ್ದರೆ.

ಆಮೇಲೆ ಒಂದು ದಿನ ಬಿಟ್ಟು, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ. ಬೈಕಿನ ಸೆಲ್ಲಿನಲ್ಲಿ ಆಸಿಡ್ ಸ್ವಲ್ಪವೇ ಇರುತ್ತದೆ, ಕಾರಿನ ದೊಡ್ಡ ಹೈಡ್ರೋಮೀಟರಿಗೆ ಸಾಲುವುದಿಲ್ಲ, ಸಣ್ಣದು ಬೇಕು. ಎಲ್ಲ ಸೆಲ್ಲುಗಳೂ 1.260ರ ಮೇಲೆ ಬಂದು, ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಬ್ಯಾಟರಿ ಬದುಕಿತು. ಯಾವುದಾದರೂ ಒಂದು ಸೆಲ್ 0.050ರಷ್ಟು ಕೆಳಗಿದ್ದರೆ ಆಸೆ ಬಿಡಿ. ಸೆಲ್ಲಿಗೆ ಹಾಕಿ ಬ್ಯಾಟರಿ ಎಬ್ಬಿಸುವ ಪುಡಿ, ದ್ರವ ಅಂತೆಲ್ಲ ಮಾರುತ್ತಾರೆ. ನನಗೆ ಅವುಗಳಲ್ಲಿ ನಂಬಿಕೆ ಇಲ್ಲ. ನಾಲ್ಕೈದು ತಿಂಗಳು ಖಾಲಿ ಕೂತಿದ್ದರೆ ಅದು ಏಳುವುದು ಅನುಮಾನವೇ. ಎಸೆಯಬೇಡಿ, ಒಳಗೆ ಸೀಸ ಮತ್ತು ಆಸಿಡ್ ಇದೆ. ಹಳೆ ಬ್ಯಾಟರಿ ವಾಪಸ್ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸದು ತಂದು ಬೈಕಿಗೆ ಕೂರಿಸುವ ದಿನ ಎರಡು ವಿಷಯ ನೋಡಿಕೊಳ್ಳಿ. ಒಂದು, ಬ್ಯಾಟರಿಯಿಂದ ಗಾಳಿ ಹೊರಗೆ ಹೋಗುವ ಸಣ್ಣ ಪೈಪ್. ಅದು ಮಡಚಿರಬಾರದು, ತುದಿ ಚೈನಿನಿಂದಲೂ ಫ್ರೇಮಿನಿಂದಲೂ ದೂರ, ಕೆಳಗೆ ನೇತಾಡುತ್ತಿರಬೇಕು. ಇನ್ನೊಂದು, ಪ್ಲಸ್ ಮೈನಸ್. ಚೀಟಿ ನೋಡಿ ಹಾಕಿದರೂ ಒಮ್ಮೆ ಪರೀಕ್ಷೆ ಮಾಡಿ. ರೆಕ್ಟಿಫೈಯರ್ ಇರುವ ಬೈಕಿನಲ್ಲಿ ಉಲ್ಟಾ ಕೊಟ್ಟರೆ ಕೊನೆಯ ತಂತಿ ತಾಗಿಸುವಾಗಲೇ ಫ್ಯೂಸ್ ಹಾರುತ್ತದೆ. ಫ್ಯೂಸ್ ಇಲ್ಲದಿದ್ದರೆ ರೆಕ್ಟಿಫೈಯರೇ ಹೋಗುತ್ತದೆ, ಅದಕ್ಕೇ ಒಂದು ಫ್ಯೂಸ್ ಹಾಕಿಸಿಕೊಳ್ಳಿ. ಡೈನಮೊ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಹೆಡ್‌ಲೈಟ್ ಹಾಕಿ ಆಮೀಟರ್ ನೋಡಿ. ಮುಳ್ಳು ಎಡಕ್ಕೆ ಹೋಗಬೇಕು. ಬಲಕ್ಕೆ ಹೋಯಿತೋ, ಕಿಕ್ ಹೊಡೆಯಬೇಡಿ, ಮೊದಲು ತಂತಿ ಬದಲಿಸಿ.